ಊರಿಗೆಲ್ಲ ಒಂದೇ ನಡಿಗೆ

ನಗಬಾರದ ಜಾಗದಲ್ಲೇ ನಗು ಬರಬೇಕೆಂದು ನಮ್ಮ ಕಸುಬಿನ ಹಣೆಯಲ್ಲಿ ಬರೆದಿದೆ. ನಾನು ವಿಡಿಯೋ ಗೇಮಿನ ಗೊಂಬೆಗಳಿಗೆ ನಡೆಯುವುದು, ಕೂರುವುದು, ಅಳುವುದು ಕಲಿಸುವವಳು. ದೊಡ್ಡ ಕಂಪನಿಗಳು ನಟರ ಮೈಗೆಲ್ಲ ಯಂತ್ರ ಕಟ್ಟಿ, ಅವರ ಚಲನೆಯನ್ನು ನೇರವಾಗಿ ಗೊಂಬೆಗೆ ಇಳಿಸುತ್ತವೆ. ಚೆನ್ನೈಯ ಅಡ್ಯಾರಿನಲ್ಲಿ, ಮಹಡಿ ಮೇಲಿನ ನಮ್ಮ ಆಫೀಸಿನಲ್ಲಿ ಇದ್ದದ್ದು ಯಜಮಾನರು, ನಾನು, ನನ್ನ ಸಹೋದ್ಯೋಗಿ ಮತ್ತು ಒಂದು ಮೊಬೈಲು. ಒಬ್ಬರು ಅಭಿನಯಿಸಬೇಕು, ಇನ್ನೊಬ್ಬರು ಮೊಬೈಲಿನಲ್ಲಿ ಹಿಡಿಯಬೇಕು, ಅದನ್ನು ನೋಡಿ ನೋಡಿ ಗೊಂಬೆಯನ್ನು ಕೈಯಾರೆ ತಿದ್ದಬೇಕು.

ಕಳೆದ ವರ್ಷ ಕೈಯಲ್ಲಿದ್ದದ್ದು ಚಂಡಮಾರುತ ಹೊಡೆದ ಮೀನುಗಾರರ ಊರೊಂದರ ಗೇಮು. ಹಣ ಹಾಕುವ ಮುಂಬೈಯವರು ಮೊದಲು ಒಂದೇ ಒಂದು ಬೀದಿ ಮಾಡಿ ತೋರಿಸಿ ಅಂದಿದ್ದರು. ಯಜಮಾನರು ನಮ್ಮಿಬ್ಬರನ್ನೂ ಕೂರಿಸಿಕೊಂಡು, “ಬೀದಿಯಲ್ಲಿರುವವರು ಮನುಷ್ಯರ ಹಾಗೆ ಕಂಡರೆ ಆಫೀಸು ಉಳಿಯುತ್ತದೆ. ಗೊಂಬೆಗಳ ಹಾಗೆ ಕಂಡರೆ ಬೀಗ” ಎಂದರು. ಅವರು ತಮಾಷೆ ಮಾಡುವವರಲ್ಲ.

ಅಳು

ಮಗನನ್ನು ಕಳೆದುಕೊಂಡ ಮುದುಕನ ಅಳು ಬೇಕಿತ್ತು. ಯಜಮಾನರೇ ಮೆಟ್ಟಿಲ ಮೇಲೆ ಕೂತು ಅತ್ತರು. ಮುಖವೆತ್ತಿ, ಬಾಯಿ ತೆರೆದು, ಎದೆ ಬಡಿದುಕೊಂಡು ಎಷ್ಟೇ ಅತ್ತರೂ ಹಲ್ಲುನೋವು ಬಂದವರ ಹಾಗೇ ಕಾಣುತ್ತಿದ್ದರು. ಸದ್ದು ಕೇಳಿ ಕೆಳಮನೆಯ ಮಾಮಿ ಮೇಲೆ ಬಂದರು. “ಅಳಾದೀಂಗ ಸಾರ್, ಅಳಬೇಡಿ” ಎನ್ನುತ್ತ ಪಕ್ಕದಲ್ಲಿ ಕೂತವರು, ಯಾರನ್ನು ನೆನೆಸಿಕೊಂಡರೋ, ತಾವೇ ಅಳತೊಡಗಿದರು. ಗೋಡೆಯ ಕಡೆ ತಿರುಗಿ, ಸೆರಗಿನಿಂದ ಮೂಗು ಒರೆಸಿಕೊಂಡರು. ಕಣ್ಣನ್ನು ಹಾಗೇ ಬಿಟ್ಟರು. ನಿಜವಾಗಿ ಅಳುವವರು ಅಳುವನ್ನು ಬಚ್ಚಿಡುತ್ತಾರೆಂದು ನನಗೆ ಆಗ ಹೊಳೆಯಿತು. ನನ್ನ ಕೈಯಲ್ಲಿದ್ದ ಮೊಬೈಲು ತಾನಾಗಿ ಅವರ ಕಡೆ ತಿರುಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಮಾಮಿ ಕೇಳಿದರು, “ಹೋದವರು ಯಾರು ಸಾರ್?”

“ಯಾರೂ ಇಲ್ಲ ಮಾಮಿ. ಗೇಮಿಗೆ” ಎಂದರು ಯಜಮಾನರು.

ಮಾಮಿ ಸೆರಗು ಸರಿಮಾಡಿಕೊಂಡು ಎದ್ದರು. “ಮೊದಲೇ ಹೇಳಿದ್ದರೆ ಇಷ್ಟು ಅಳುತ್ತಿರಲಿಲ್ಲ. ಹೋಗಲಿ, ಅತ್ತದ್ದಾಯಿತು, ಹಾಕಿಕೊಳ್ಳಿ.”

ಬೆರಳು

ಗೊಂಬೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಬೆರಳು. ಒಂದೊಂದು ಗೆಣ್ಣನ್ನೂ ಬೇರೆ ಬೇರೆ ಮಡಿಸಬೇಕು. ಅದಕ್ಕೆ ಪುರುಸೊತ್ತಿಲ್ಲದೆ ನನ್ನ ಸಹೋದ್ಯೋಗಿ ಒಂದು ಉಪಾಯ ಮಾಡಿದ. ಏನನ್ನಾದರೂ ಹಿಡಿದ ಮುಷ್ಟಿಗೆ ಬೆರಳಾಡಿಸುವ ಕೆಲಸವಿಲ್ಲ ಎಂದುಕೊಂಡು ಬೀದಿಯ ಗೊಂಬೆಗಳ ಕೈಗೆಲ್ಲ ಒಂದೊಂದು ಚೀಲ ಕೊಟ್ಟ. ಯಜಮಾನರು ಕಣ್ಣು ಮಿಟುಕಿಸದೆ ನೋಡಿದರು.

“ಚಂಡಮಾರುತಕ್ಕೆ ಮನೆಮಠ ಹೋದ ಜನ ಅಲ್ಲವೇ? ಇವರು ಪುರಸೈವಾಕ್ಕಂನ ಜವಳಿ ಅಂಗಡಿಗಳಲ್ಲಿ ಆಷಾಢದ ರಿಯಾಯಿತಿ ಖರೀದಿ ಮುಗಿಸಿ ಬರುತ್ತಿದ್ದಾರಲ್ಲ.”

ಮಂಡಿ

ಮುದುಕನ ನಡಿಗೆಗೆ ಅಪ್ಪನನ್ನೇ ಕೇಳಿದೆ. ಹುಬ್ಬಳ್ಳಿ ಕಡೆಯಿಂದ ಬಂದು ಚೆನ್ನೈಯಲ್ಲಿ ನೆಲೆಸಿದ ವೀರಶೈವರ ಮನೆ ನಮ್ಮದು. ಅಪ್ಪ ಬ್ಯಾಂಕಿನಿಂದ ನಿವೃತ್ತರಾಗಿದ್ದರು. ಎಡ ಮಂಡಿಯ ನೋವಿಗೆ ಆ ಕಾಲನ್ನು ಚೂರು ಎಳೆದು ನಡೆಯುತ್ತಿದ್ದರು. ನನಗೆ ಬೇಕಿದ್ದದ್ದೇ ಅದು. ಆದರೆ ವಿಡಿಯೋ ಅಂದ ಕೂಡಲೇ ಇಸ್ತ್ರಿ ಅಂಗಿ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ನೋವೆಲ್ಲ ನುಂಗಿ ವರಾಂಡದಲ್ಲಿ ಪೆರೇಡು ಮಾಡಿದರು.

“ಅಪ್ಪಾ, ಹಿಂಗಲ್ಲ. ದಿನಾ ನಡಿಯೋಹಂಗ ನಡೀರಿ.”

ಅಪ್ಪ ನಿಂತು ಯೋಚನೆ ಮಾಡಿದರು. “ಅದನ್ನ ನಾ ಯಾವಾಗ ನೋಡೇನಿ?”

ಕೊನೆಗೆ ಅವ್ವ ಒಳಗಿನಿಂದ “ಚಾ ಆರಾಕತ್ತೈತಿ” ಎಂದು ಕೂಗಿದಾಗ ಮೊಬೈಲನ್ನು ಮರೆತು ಒಳಕ್ಕೆ ನಡೆದರು. ಅಷ್ಟು ನನಗೆ ಸಾಕಾಯಿತು.

ಸಣ್ಣ ಊರು

ಆ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಮಂಡಿ ಮಡಿಸಿದರೆ ನೋವು ಎಂದು ಕುರ್ಚಿ ಬಿಟ್ಟು ಇಳಿಯದಿದ್ದವರನ್ನು ಚಕ್ಕಳಬಕ್ಕಳ ಹಾಕಿ ಕೂರಿಸಿದರು. ಅದನ್ನು ನೋಡಿ ನನಗೆ ಅಳು ತಡೆದುಕೊಳ್ಳಲು ಆಗಲಿಲ್ಲ. ಅವ್ವ ಅಳಲಿಲ್ಲ. ಅವತ್ತಿನಿಂದ ಮಾತನ್ನೇ ಕಡಿಮೆ ಮಾಡಿಬಿಟ್ಟರು. ಬೇಕಾದ್ದಕ್ಕೆ ಹೂಂ, ಬೇಡದ್ದಕ್ಕೆ ಊಹೂಂ, ಅಷ್ಟೇ.

ನಾನು ರಜೆಯಲ್ಲಿದ್ದಾಗಲೇ ಮುಂಬೈಯವರು ಬರುತ್ತೇವೆ ಅಂದರು. ಸಹೋದ್ಯೋಗಿ ಒಬ್ಬನೇ ಏನು ಮಾಡಿಯಾನು? ಮುಗಿದಿದ್ದ ನಡಿಗೆ ಅಪ್ಪನದೊಂದೇ. ಬೀದಿಯಲ್ಲಿ ಇದ್ದವರಿಗೆಲ್ಲ ಅದನ್ನೇ ಹಾಕಿಬಿಟ್ಟ.

ಮುಂಬೈಯವರು ಬಹಳ ಹೊತ್ತು ನೋಡಿದರಂತೆ. “ಎಲ್ಲರೂ ನಿಜವಾದ ಮನುಷ್ಯರೇ ಅನ್ನಿಸುತ್ತಾರೆ. ಆದರೆ ಎಲ್ಲರಿಗೂ ಎಡ ಮಂಡಿಯೇ ಯಾಕೆ ನೋವು?”

ಯಜಮಾನರು ತಡವರಿಸಲಿಲ್ಲ. “ಸಣ್ಣ ಊರು ಸಾರ್. ಎಲ್ಲ ಸಂಬಂಧಿಕರೇ.”

ಆಫೀಸು ಉಳಿಯಿತು. ಆದರೆ ಒಬ್ಬೊಬ್ಬರಿಗೂ ಬೇರೆ ನಡಿಗೆ ಹಾಕಬೇಕೆಂಬ ಷರತ್ತಿನ ಮೇಲೆ. ಸೋಮವಾರದಿಂದ ಅಪ್ಪನ ನಡಿಗೆಯನ್ನು ಅಳಿಸುವ ಕೆಲಸ. ಅದಕ್ಕೆ ಮೊದಲು ಅವ್ವನಿಗೆ ತೋರಿಸೋಣವೆಂದು ಲ್ಯಾಪ್‌ಟಾಪನ್ನು ಮನೆಗೆ ತಂದೆ.

ಪರದೆಯ ಮೇಲೆ ಪೂಜಾರಿ, ಪೊಲೀಸು, ಶಾಲೆಗೆ ಹೋಗುವ ಹುಡುಗಿ, ತಲೆಯ ಮೇಲೆ ಬುಟ್ಟಿ ಹೊತ್ತ ಮೀನಿನವಳು, ಎಲ್ಲರೂ ಎಡಗಾಲು ಎಳೆಯುತ್ತ ಅಪ್ಪನ ಹಾಗೆ ಬಂದರು, ಹೋದರು. ಅವ್ವ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ತೋರಿಸಬಾರದಿತ್ತು ಅನ್ನಿಸಿ, ಮುಚ್ಚಲು ಕೈ ಚಾಚಿದೆ. ಅವ್ವ ನನ್ನ ಕೈ ಹಿಡಿದರು.

“ಒಬ್ಬರನ್ನ ಸಂಭಾಳ್ಸೂದ್ರಾಗ ನನಗ ಸಾಕಾಗಿತ್ತು. ಇಷ್ಟ ಮಂದಿನ್ನ ಯಾರು ನೋಡ್ಕೊಬೇಕು?”

ಎಷ್ಟೋ ದಿನಕ್ಕೆ ಅವ್ವನ ಬಾಯಿಂದ ಬಂದ ಉದ್ದನೆಯ ಮಾತು ಅದು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಸೋಮವಾರದಿಂದ ಎಲ್ಲಾ ತಗದಬಿಡ್ತೀವಿ, ಅವ್ವಾ” ಎಂದೆ.

ಅವ್ವ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಇನ್ನೊಮ್ಮೆ ನೋಡಿದರು.

“ಒಬ್ಬರನ್ನ ಇಟ್ಕೊ.”

“ಯಾರನ್ನ?”

ಮೊಟ್ಟೆಯ ಹೆಸರು ಕೂಡ ಎತ್ತದ ಮನೆ ನಮ್ಮದು. ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಹೇಳಿದರು:

“ಯಾರನ್ನರ ಇಟ್ಕೊ. ಆ ಮೀನಿನ ಬುಟ್ಟಿಯಾಕಿನ್ನ ಮಾತ್ರ ಬ್ಯಾಡ. ಆ ವಾಸನಿಗೆ ಅವರು ಊಟಾನ ಬಿಡ್ತಾರ.”