ಯುರೋಪಿಗೆಂದು ಸುತ್ತಿದ ತೋಟ

ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಯುರೋಪಿನವರು ಇನ್ನು ಮುಟ್ಟುವುದಿಲ್ಲವಂತೆ. ಅರಕಲಗೂಡು ಸೀಮೆಯ ಮಲ್ಲಿಪಟ್ಟಣದ ಪರಮೇಶನಿಗೆ ಈ ಸುದ್ದಿ ಮುಟ್ಟಿಸಿದವಳು ಹಾಸನದ ಕಾಫಿ ಕಂಪನಿಯ ಸಿಂಧು. ಮೊಬೈಲ್ ಹಿಡಿದು ತೋಟದ ಗಡಿ ಸುತ್ತಿದರೆ ನಕ್ಷೆ ತಾನಾಗಿ ಮೂಡುತ್ತದೆ, ಸಂಜೆ ಐದರೊಳಗೆ ಅದು ಬರದಿದ್ದರೆ ಈ ವರ್ಷ ಅವನ ಕಾಫಿ ಕೊಳ್ಳುವುದಿಲ್ಲ ಎಂದಳು. ತನ್ನ ಒಂದೂವರೆ ಎಕರೆಯನ್ನು ಉಪಗ್ರಹ ನೋಡುತ್ತದೆಂದು ಪುಳಕಗೊಂಡ ಪರಮೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ.

ಅರ್ಧ ಸುತ್ತು ಮುಗಿದಿತ್ತು. ಇವನು ಮೇಲಿನ ಉಪಗ್ರಹಕ್ಕೆ ಸರಿಯಾಗಿ ಕಾಣಲೆಂದು ಪಕ್ಕದ ಮನೆಯ ದಾಕ್ಷಾಯಣಮ್ಮ ದೋಟಿಯಿಂದ ಅಡ್ಡದ ಕೊಂಬೆ ಎಳೆದರು. ಅದರಲ್ಲಿ ಹೆಜ್ಜೇನಿತ್ತು. ಪರಮೇಶ ಬೇಲಿ ಹಾರಿದ, ಅರಣ್ಯ ಇಲಾಖೆಯ ನೆಡುತೋಪಿಗೆ ನುಗ್ಗಿದ, ಪಕ್ಕದ ತೋಟದ ಈಶ್ವರಯ್ಯನ ಕೊಟ್ಟಿಗೆ ಬಳಸಿ ಕೆರೆಗೆ ಧುಮುಕಿದ. ಮೊಬೈಲಿನ ಕೈ ಮಾತ್ರ ತಾವರೆಯ ಹಾಗೆ ನೀರಿನ ಮೇಲಿತ್ತು. ಅದು ಎಲ್ಲವನ್ನೂ ನಿಷ್ಠೆಯಿಂದ ಬರೆದುಕೊಂಡಿತ್ತು.

"ಸರ್, ನಿಮ್ಮ ತೋಟ ಹದಿನಾಲ್ಕು ಎಕರೆ ಆಗಿದೆ. ಅರ್ಧ ಕಾಡಲ್ಲಿದೆ, ಒಂಚೂರು ಕೆರೇಲಿದೆ. ಮತ್ತೆ ಸುತ್ತಿ," ಎಂದಳು ಸಿಂಧು.

ತನ್ನ ಕೊಟ್ಟಿಗೆಯೂ ಪರಮೇಶನ ನಕ್ಷೆಗೆ ಸೇರಿದ ಸುದ್ದಿ ಈಶ್ವರಯ್ಯನಿಗೆ ತಲುಪಿತ್ತು. ಪರಮೇಶ ಎರಡನೇ ಸುತ್ತಿಗೆ ಬರುವಾಗ ಅವನು ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತಿದ್ದ.

"ಬದದ ತಾವ ಬರ್ಬ್ಯಾಡ ಕಣ್ಲಾ. ನಾಕು ಸಾಲು ಒಳಗೇ ನಡ್ಕಂಡೋಗು."

ಐದಕ್ಕೆ ಹತ್ತು ನಿಮಿಷವಿತ್ತು. ವಾದಕ್ಕೆ ಹೊತ್ತಿರಲಿಲ್ಲ, ಬನ್ನಿನಂತೆ ಊದಿದ ತುಟಿಯಲ್ಲಿ ಮಾತೂ ಹೊರಡುತ್ತಿರಲಿಲ್ಲ. ಪರಮೇಶ ತಲೆಯಾಡಿಸಿ ನಾಲ್ಕು ಸಾಲು ಗಿಡ ಬಿಟ್ಟು ಒಳಗೇ ನಡೆದ. ಇನ್ನೆರಡು ನಿಮಿಷವಿರುವಾಗ ನಕ್ಷೆ ಕಂಪನಿಗೆ ಹೋಯಿತು, ಹಸಿರು ಗುರುತು ಬಂತು. ಪರಮೇಶ ಈಶ್ವರಯ್ಯನನ್ನೇ ತಬ್ಬಿಕೊಂಡ. ಆ ಖುಷಿಯಲ್ಲಿ ನಕ್ಷೆಯನ್ನು ಊರಿಗೆಲ್ಲ ವಾಟ್ಸಾಪ್ ಮಾಡಿದ.

ಐದೂವರೆಗೆ ಸಿಂಧು ಮತ್ತೆ ಫೋನ್ ಮಾಡಿದಳು. ಯುರೋಪಿನವರು ನಿಯಮವನ್ನು ಒಂದು ವರ್ಷ ಮುಂದೂಡಿದ್ದಾರಂತೆ; ಸದ್ಯಕ್ಕೆ ಆ ನಕ್ಷೆ ಯಾರಿಗೂ ಬೇಡವಂತೆ.

"ನಂಗ್ ಬೇಕು," ಎಂದ ಈಶ್ವರಯ್ಯ, ತನ್ನ ಮೊಬೈಲಿಗೆ ಬಂದಿದ್ದ ನಕ್ಷೆಯನ್ನು ಪರಮೇಶನ ಮುಖಕ್ಕೆ ಹಿಡಿದು. "ನಿನ್ ತ್ವಾಟ ಎಲ್ಲೀಗಂಟ ಅಂತ ನೀನೇ ನಡ್ದು ತೋರ್ಸಿದ್ದೀಯ. ಆಚೆ ನಾಕು ಸಾಲು ನಂದು."

ಅಷ್ಟರಲ್ಲಾಗಲೇ ದಾಕ್ಷಾಯಣಮ್ಮ ಬುಟ್ಟಿ ತಂದು ಆ ಸಾಲಿನ ಹಣ್ಣು ಬಿಡಿಸತೊಡಗಿದ್ದರು, ಈಶ್ವರಯ್ಯನ ಪರವಾಗಿ.