ಹಲ್ಲಣ್ಣನ ಮನೆಗೆ ಬಣ್ಣ ಬಂದದ್ದು

ಬಿಳಿ ಅಂದರೆ ಒಂದೇ ಬಣ್ಣ ಎಂದುಕೊಂಡವರನ್ನು ಕಂಡರೆ ಹಲ್ಲಣ್ಣನಿಗೆ ಅಯ್ಯೋ ಪಾಪ ಅನಿಸುತ್ತಿತ್ತು. ಅವನ ಲೆಕ್ಕದಲ್ಲಿ ಬಿಳಿ ಹದಿನಾರು, ಒಂದೊಂದಕ್ಕೂ ಒಂದೊಂದು ನಂಬರು. ಹಾಲು ಬಿಳಿ ಬೇರೆ, ಕೆನೆ ಬಿಳಿ ಬೇರೆ, ದಿನಕ್ಕೆ ಆರು ಕಾಫಿ ಕುಡಿಯುವವನ ಬಿಳಿ ಬೇರೆ, ಸಿಗರೇಟು ಬಿಟ್ಟೆ ಎಂದು ಹೆಂಡತಿಗೆ ಸುಳ್ಳು ಹೇಳುವವನ ಬಿಳಿ ಬೇರೆ. ಇಪ್ಪತ್ತೆಂಟು ವರ್ಷದಿಂದ ಊರಿನ ಬೊಚ್ಚು ಬಾಯಿಗಳಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟು ಸಂಸಾರ ತೂಗಿಸಿದವನು ಅವನು. (ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಈಗ ಅದು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಬರುತ್ತದೆ.) ಅವನ ಸೆಟ್ಟು ಹಾಕಿಕೊಂಡವರು ಎಷ್ಟೇ ಜೋರಾಗಿ ನಕ್ಕರೂ ಅದು ಕಟ್ಟಿಸಿದ ಹಲ್ಲು ಅಂತ ಎದುರಿನವರಿಗೆ ಗೊತ್ತಾಗಬಾರದು. ಅವನ ಹೆಮ್ಮೆ ಅಷ್ಟರಲ್ಲೇ ಇತ್ತು.

ಇಂಥವನು ಮನೆಗೆ ಬಣ್ಣ ಹೊಡೆಸಿದರೆ ಏನಾಗಬೇಕೋ ಅದೇ ಆಗಿತ್ತು. ಕಟ್ಟಿದ ಮೇಲೆ ಮೂರು ಸಲ ಬಣ್ಣ ಕಂಡ ಮನೆ, ಮೂರು ಸಲವೂ ಬಿಳಿ. ಅವನ ಪ್ರಕಾರ ಮೂರೂ ಬೇರೆ ಬೇರೆ ಬಿಳಿ. ಮೂರನೇ ಸಲವಂತೂ ಐದನೇ ನಂಬರಿನಿಂದ ಏಕ್‌ದಂ ಏಳನೇ ನಂಬರಿಗೆ ಹಾರಿ, ಇಷ್ಟೊಂದು ಸಾಹಸ ಮಾಡಬಾರದಿತ್ತೇನೋ ಎಂದು ಎರಡು ದಿನ ಊಟ ಸೇರದೆ ಒದ್ದಾಡಿದ್ದ. ಬಣ್ಣ ಒಣಗಿ ವಾರವಾದ ಮೇಲೆ ಎದುರು ಮನೆಯಾಕೆ ಬಂದು, ನಿಮ್ಮ ಮನೆಗೆ ಯಾವಾಗ ಬಣ್ಣ ಹೊಡೆಸೋದು ಎಂದು ಕೇಳಿದ್ದಳು.

ನಾಲ್ಕನೇ ಸಲ ಪೇಂಟರು ಬಂದು ಮೆಟ್ಟಿಲ ಮೇಲೆ ಕೂತಾಗ ಹಲ್ಲಣ್ಣ ಒಂಬತ್ತನೇ ನಂಬರಿನ ಬಗ್ಗೆ ಮಾತು ತೆಗೆಯುವುದರಲ್ಲಿದ್ದ. ಒಳಗೆ ಟಕಟಕ ಅನ್ನುತ್ತಿದ್ದ ಹೊಲಿಗೆ ಮಿಷಿನ್ನು ನಿಂತಿತು. ಹೆಂಡತಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹೊರಗೆ ಬಂದು, ಈ ಸಲ ಬಿಳಿ ಬೇಡ, ಕೆಂಪಗೆ ಏನಾದರೂ ಇರಲಿ ಎಂದಳು.

ಅವಳು ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಳು. ಅವಳ ಹೊಲಿಗೆಗೆ ಹೆಸರಿತ್ತು, ಆದರೆ ಗ್ರಹಚಾರವೆಂದರೆ ಅದೇ ಸಾಲಿನಲ್ಲಿ ನಾಲ್ಕು ಮನೆ ಆಚೆ ಇನ್ನೊಬ್ಬ ಟೈಲರು ಇದ್ದ. ಅವನ ಮನೆಯೂ ಬಿಳಿ. ಅವಳ ಹೆಸರು ಕೇಳಿಕೊಂಡು ಬಂದವರು ಬೀದಿಯಲ್ಲಿ ವಿಚಾರಿಸಿದರೆ, ಬಿಳಿ ಮನೆ ಅನ್ನುತ್ತಿದ್ದರು ಜನ. ಬಸ್ ಸ್ಟಾಪಿನಿಂದ ಬರುವವರಿಗೆ ಮೊದಲು ಸಿಗುವ ಬಿಳಿ ಮನೆ ಅವನದು. ಇವಳು ಬೋರ್ಡು ಹಾಕಿದಳು. ಅವನು ಅದರ ಎರಡರಷ್ಟು ದೊಡ್ಡ ಬೋರ್ಡು ಹಾಕಿದ. ಹೀಗೆ ಆಚೆಯವನ ವ್ಯಾಪಾರ ಉಬ್ಬುತ್ತ ಹೋಗಿ, ಇವಳ ಪಾಲಿಗೆ ಹರಿದ ಬ್ಯಾಗಿನ ಜಿಪ್ಪು, ದಿಂಬಿನ ಕವರು ಉಳಿದವು. ಇನ್ನು ಆರು ತಿಂಗಳು ನೋಡುವುದು, ಆಮೇಲೆ ಮಿಷಿನ್ನು ಮಾರಿ ರೆಡಿಮೇಡ್ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಸೇರುವುದು ಎಂದು ಅವಳು ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದಳು. ಅದನ್ನು ಆವತ್ತು ಪೇಂಟರ ಮುಂದೆಯೇ ಹೇಳಿಬಿಟ್ಟಳು.

"ಇಪ್ಪತ್ತು ವರ್ಷ ಆಯ್ತು ರೀ. ನಾನು ಇಲ್ಲಿದೀನಿ ಅಂತ ಹುಡುಕ್ಕೊಂಡು ಬಂದವರಿಗೂ ಕಾಣಲ್ಲ ಅಂದ್ರೆ ಹೇಗೆ?"

ಹಲ್ಲಣ್ಣನ ಒಂಬತ್ತನೇ ನಂಬರು ಗಂಟಲಲ್ಲೇ ಉಳಿಯಿತು. ಅವಳ ಮಿಷಿನ್ನಿನ ಸದ್ದಿಲ್ಲದ ಮನೆಯಲ್ಲಿ ತಾನೊಬ್ಬನೇ ಸೆಟ್ಟಿನ ಹಲ್ಲು ಉಜ್ಜುತ್ತ ಕೂತಿರುವುದನ್ನು ನೆನೆದು ಅವನಿಗೆ ಸಂಕಟವಾಯಿತು. ಆಗಲಿ, ಬಣ್ಣವೇ ಆಗಲಿ ಅಂದ. ಆದರೆ ಆಯ್ಕೆ ತನ್ನದು. ಬಣ್ಣ ನೋಡುವುದು ಅವನ ಕಸುಬು, ಅದರಲ್ಲಿ ಇನ್ನೊಬ್ಬರು ತಲೆ ಹಾಕುವಂತಿಲ್ಲ. ಹೆಂಡತಿ ಅಷ್ಟಕ್ಕೆ ಒಪ್ಪಿದಳು.

ಕಸುಬು ಅಂದ ಮೇಲೆ ಕಸುಬಿನ ರೀತಿಯಲ್ಲೇ ನಡೆಯಬೇಕಲ್ಲ. ಹಿತ್ತಲಲ್ಲಿ ಅವನ ಕೆಲಸದ ಕೋಣೆ. ಅದಕ್ಕಿದ್ದ ಒಂದೇ ಕಿಟಕಿ ಮನೆಯ ಹಿಂದಿನ ಗೋಡೆಗೆ ಎದುರಾಗಿತ್ತು. ಪೇಂಟರು ತಂದಿದ್ದ ಶೇಡ್ ಕಾರ್ಡಿನಿಂದ ಕೆಂಪು, ಕೇಸರಿ, ಇಟ್ಟಿಗೆ ಬಣ್ಣಗಳನ್ನೆಲ್ಲ ಅವನು ಅಲ್ಲಿ ಕತ್ತರಿಸಿ, ಒಂದೊಂದನ್ನೂ ಮುಂದಿನ ಹಲ್ಲಿನ ಅಳತೆಗೆ ತಂದ. ಆಮೇಲೆ ಒಂದೊಂದನ್ನೇ ನೀರಿನಲ್ಲಿ ಅದ್ದಿದ. ಯಾಕೆ ಅಂದರೆ, ಹಲ್ಲು ಬಾಯಿಯೊಳಗೆ ಸದಾ ಒದ್ದೆ. ಒಣಗಿದ ಶೇಡು ನೋಡಿ ಸೆಟ್ಟು ಮಾಡುವವನು ಕಸುಬಿಗೆ ದ್ರೋಹ ಬಗೆದ ಹಾಗೆ. ಗೋಡೆ ಬಾಯಿಯೊಳಗೆ ಇರುವುದಿಲ್ಲ ಎಂಬ ಸಣ್ಣ ವಿಷಯ ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ. ಪೇಂಟರು ಬಾಗಿಲಲ್ಲಿ ನಿಂತು, ಮೂವತ್ತು ವರ್ಷದ ಸರ್ವೀಸಿನಲ್ಲಿ ಬಣ್ಣಕ್ಕೆ ಸ್ನಾನ ಮಾಡಿಸುವವರನ್ನು ಇದೇ ಮೊದಲು ನೋಡ್ತಿರೋದು ಎಂದು ಹೇಳಿ ಒಂದು ಲೋಟ ನೀರು ತಾನೂ ಕುಡಿದ.

ಇನ್ನೂ ಇತ್ತು. ಹಲ್ಲಿನ ಬಣ್ಣವನ್ನು ಮುಖದ ಪಕ್ಕದಲ್ಲಿ ಹಿಡಿದೇ ನೋಡಬೇಕು. ಹೆಂಡತಿಯನ್ನು ಕರೆದು ರೋಗಿಗಳ ಕುರ್ಚಿಯಲ್ಲಿ ಕೂರಿಸಿ, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ಒದ್ದೆ ಚೂರುಗಳನ್ನು ಒಂದಾದ ಮೇಲೊಂದರಂತೆ ಅವಳ ಕೆನ್ನೆಗೆ ಹಿಡಿದ. ಎಷ್ಟೋ ವರ್ಷದ ಮೇಲೆ ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದ. ಕಣ್ಣಿನ ಪಕ್ಕ ಸಣ್ಣ ಗೆರೆಗಳು ಬಂದಿದ್ದವು, ದಿನವಿಡೀ ಸೂಜಿಗೆ ದಾರ ಪೋಣಿಸಿದ ಗೆರೆಗಳು. ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಏನು ನೋಡ್ತಿದ್ದೀರಿ ಎಂದು ಅವಳು ಕೇಳಿದಳು. ಶೇಡು, ಅಂದ.

ಕೊನೆಗೆ ಒಂದು ಚೂರು ಒಪ್ಪಿಗೆಯಾಯಿತು. ನೀರಿನಲ್ಲಿ ನೆಂದು ಮಂಕಾಗಿ ಅದು ಸಂಭಾವಿತ ಇಟ್ಟಿಗೆ ಬಣ್ಣದ ಹಾಗೆ ಕಾಣುತ್ತಿತ್ತು. ಕೇಳಿದವರಿಗೆ ಕೆಂಪು ಎಂದು ಹೇಳಬಹುದು, ನೋಡಿದವರಿಗೆ ಏನೂ ತೊಂದರೆಯಿಲ್ಲ. ಅವಳ ಮಾತೂ ನಡೆಯಿತು, ತನ್ನ ಮಾನವೂ ಉಳಿಯಿತು ಎಂದು ಹಲ್ಲಣ್ಣ ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ನಂಬರು ಬರೆದುಕೊಟ್ಟು, ಪಕ್ಕದ ಊರಿನ ಹಲ್ಲಿನ ಡಾಕ್ಟರ ಬಳಿ ಐದು ದಿನದ ಕೆಲಸವಿದ್ದದ್ದರಿಂದ ಬ್ಯಾಗು ಹಿಡಿದು ಹೊರಟುಬಿಟ್ಟ.

ಐದನೇ ದಿನ ಮಧ್ಯಾಹ್ನ ಬಸ್ಸಿಳಿದು ನಡೆದು ಬಂದವನು ತನ್ನ ಮನೆಯನ್ನು ದಾಟಿ ಮುಂದೆ ಹೋಗಿಬಿಟ್ಟ. ದಾರಿ ತಪ್ಪಿತೇ ಎಂದು ತಿರುಗಿ ನೋಡಿದರೆ ಬಿಸಿಲಿನಲ್ಲಿ ಮನೆ ಧಗಧಗ ಅನ್ನುತ್ತಿತ್ತು. ಮಾಗಿದ ಟೊಮೇಟೊಗೆ ಸಿಟ್ಟು ಬಂದರೆ ಹೇಗಿರುತ್ತದೋ ಹಾಗೆ. ಎದುರು ಮನೆಯಾಕೆ ಹಗಲಲ್ಲೇ ಪರದೆ ಎಳೆದಿದ್ದಳು. ಅವಳ ತಂತಿಯ ಮೇಲೆ ಒಣಗುತ್ತಿದ್ದ ಬಿಳಿ ಬನಿಯನ್ನುಗಳೆಲ್ಲ ನಾಚಿಕೊಂಡಂತೆ ಕೆಂಪಗಾಗಿದ್ದವು. ಹಲ್ಲಣ್ಣನ ಕೈಯಿಂದ ಬ್ಯಾಗು ಜಾರಿತು. ಪೇಂಟರನ್ನು ಹಿಡಿದು ಜಾಡಿಸಬೇಕು, ನಾಳೆಯೇ ಇದರ ಮೇಲೆ ಬಿಳಿ ಬಳಿಸಬೇಕು ಎಂದುಕೊಂಡು ಗೇಟಿನ ಬಳಿ ಬಂದರೆ, ಅಲ್ಲಿ ಹೆಂಡತಿ ನಿಂತಿದ್ದಳು.

"ಇಷ್ಟು ಮಾಡ್ತೀರಿ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಅಂದಳು. "ನನಗೋಸ್ಕರ ನಿಮ್ಮ ಬಿಳೀನೇ ಬಿಟ್ಟುಬಿಟ್ರಲ್ಲ."

ಅವಳ ಕಣ್ಣು ತುಂಬಿತ್ತು. ತಪ್ಪಾಗಿದೆ ಮಾರಾಯ್ತಿ, ಒದ್ದೆ ಮಾಡಿ ನೋಡಿದ್ದರಿಂದ ಹೀಗಾಯಿತು ಎನ್ನುವ ಮಾತು ಹಲ್ಲಣ್ಣನ ನಾಲಿಗೆಯ ತುದಿವರೆಗೆ ಬಂದಿತ್ತು. ಅದನ್ನು ಹಾಗೇ ನುಂಗಿದ. ಮಾಡಿದ ಮೇಲೆ ಅರ್ಧಂಬರ್ಧ ಮಾಡೋದು ನನಗಾಗಲ್ಲ ಎಂದು ದೊಡ್ಡದಾಗಿ ಹೇಳಿ ಒಳಗೆ ಹೋಗಿ ಎರಡು ಚೊಂಬು ನೀರು ಮುಖಕ್ಕೆ ಎರಚಿಕೊಂಡ.

ಆಮೇಲೆ ನಡೆದದ್ದನ್ನು ಬೀದಿಯೇ ನೋಡಿತು. ಟೈಲರಮ್ಮನ ಮನೆ ಯಾವುದು ಎಂದು ಕೇಳಿದವರಿಗೆ ಜನ ಬಾಯಿಬಿಟ್ಟು ಹೇಳುವ ಶ್ರಮವನ್ನೂ ತೆಗೆದುಕೊಳ್ಳದೆ ಬೆರಳು ತೋರಿಸತೊಡಗಿದರು. ಒಂದು ಶಾಲೆಯ ಯೂನಿಫಾರಂ ಕೆಲಸ ಬಂತು. ನಾಲ್ಕನೇ ಮನೆಯಲ್ಲಿ ಹೊಲಿಸುತ್ತಿದ್ದ ಬ್ಯಾಂಕಿನ ಮೇಡಂ, ಇಷ್ಟು ದಿನ ಆ ಟೈಲರನ್ನೇ ನಿಮ್ಮ ಯಜಮಾನರು ಅಂದ್ಕೊಂಡಿದ್ದೆ ಎಂದಳು. ಮಿಷಿನ್ನು ಬೆಳಗಿನಿಂದ ಸಂಜೆವರೆಗೆ ಓಡಿತು. ಹೆಂಡತಿ ಕೆಲಸದ ನಡುವೆ ಏನೋ ಗುನುಗುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಹಲ್ಲಣ್ಣ ಗೋಡೆಯನ್ನು ಕ್ಷಮಿಸುತ್ತಿದ್ದ.

ಗೋಡೆ ಮಾತ್ರ ಅವನನ್ನು ಕ್ಷಮಿಸಲಿಲ್ಲ. ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು ಹೊಸ ಸೆಟ್ಟಿಗೆ ಬಂದರು. ಹಲ್ಲಣ್ಣ ಅವರ ಮುಖದ ಪಕ್ಕದಲ್ಲಿ ಯಾವ ಹಲ್ಲು ಹಿಡಿದರೂ ಅರಿಶಿನ ಬಳಿದ ಹಾಗೆ ಕಂಡಿತು. ಇನ್ನೂ ಬಿಳಿ, ಇನ್ನೂ ಬಿಳಿ ಎಂದು ಹೋಗಿ ಹೋಗಿ ಒಂದನೇ ನಂಬರಿಗೆ ಮುಟ್ಟಿದ. ಜನ್ಮದಲ್ಲಿ ಯಾರಿಗೂ ಅದನ್ನು ಕೊಟ್ಟವನಲ್ಲ. ಮೂರೇ ದಿನಕ್ಕೆ ಮಾಸ್ತರರು ಕೈಯಿಂದ ಬಾಯಿ ಮುಚ್ಚಿಕೊಂಡು ವಾಪಸು ಬಂದರು. ಗೇಟಿನ ಹೊರಗೆ ಕೈ ತೆಗೆದಾಗ ಹಲ್ಲು ಬಾತ್‌ರೂಮಿನ ಟೈಲ್ಸಿನ ಹಾಗೆ ಮಿಂಚಿತು. ಮೊಮ್ಮಗಳು ಅಜ್ಜನ ಹತ್ತಿರ ಬರುವುದಕ್ಕೇ ಹೆದರುತ್ತಿದ್ದಳಂತೆ.

ಆಗ ಹಲ್ಲಣ್ಣನಿಗೆ ಜ್ಞಾನೋದಯವಾಯಿತು. ಇಷ್ಟು ವರ್ಷ ತನ್ನ ಕಣ್ಣು, ತನ್ನ ಕಣ್ಣು ಎಂದು ಮೆರೆದದ್ದೆಲ್ಲ ಎದುರಿನ ಬಿಳಿ ಗೋಡೆಯಿಂದ ಕಿಟಕಿಗೆ ಬರುತ್ತಿದ್ದ ಬೆಳಕಿನ ಪುಣ್ಯ. ಈಗ ಕೋಣೆಯೊಳಗೆ ಬರುತ್ತಿದ್ದದ್ದು ಟೊಮೇಟೊ ಬೆಳಕು. ಅವನು ಮಾಸ್ತರರ ಕೈ ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಬೇರೆ ಸೆಟ್ಟು ಮಾಡಿಕೊಡುತ್ತೇನೆ ಅಂದ. ಮನೆಯಲ್ಲಿ ಮಾತ್ರ ಹೇಳಬೇಡಿ, ಅವಳಿಗೆ ಈ ಬಣ್ಣ ಬೇಕು ಎಂದು ಬೇಡಿಕೊಂಡ. ಮಾಸ್ತರರು ಹೂಂ ಅಂದರು.

ಶೇಡು ನೋಡುವುದಕ್ಕೆ ಬಿಳಿ ಗೋಡೆ ಎಲ್ಲಿದೆ? ನಾಲ್ಕು ಮನೆ ಆಚೆ. ಆ ಟೈಲರು ಮಾತಿನ ಮಲ್ಲ, ಕೇಳುವ ಕಿವಿ ಸಿಕ್ಕಿದರೆ ಸಾಕು ಅವನಿಗೆ. ಹಲ್ಲಣ್ಣ ಹಲ್ಲಿನ ಡಬ್ಬಿ ಹಿಡಿದು ದಿನಾ ಮಧ್ಯಾಹ್ನ ಅವನ ವರಾಂಡಾದಲ್ಲಿ ಕೂರತೊಡಗಿದ. ರೋಗಿಗಳೂ ಅಲ್ಲಿಗೇ ಬಂದರು. ಟೈಲರಮ್ಮನ ಗಂಡ ಪಕ್ಷಾಂತರ ಮಾಡಿದ ಎನ್ನುವ ಸುದ್ದಿ ಎರಡೇ ದಿನದಲ್ಲಿ ಟೈಲರಮ್ಮನ ಕಿವಿ ಮುಟ್ಟಿತು.

ಅವಳು ಗಲಾಟೆ ಮಾಡಲಿಲ್ಲ. ಗಲಾಟೆಯಾಗಿದ್ದರೆ ಹಲ್ಲಣ್ಣ ತಡೆದುಕೊಳ್ಳುತ್ತಿದ್ದ, ಅಭ್ಯಾಸವಿತ್ತು. ಗುನುಗುವುದು ನಿಂತಿತು. ಮೂರನೇ ದಿನ ತಟ್ಟೆಗೆ ಅನ್ನ ಬಡಿಸುತ್ತ, ಅವನ ಮುಖ ನೋಡದೆ ಕೇಳಿದಳು.

"ನನ್ನ ಕೆಲಸ ನಡೀತಿರೋದು ನಿಮಗೆ ಕಷ್ಟ ಆಗ್ತಿದ್ಯಾ?"

ಹಲ್ಲಣ್ಣ ಅನ್ನ ಕಲಸುತ್ತ ಲೆಕ್ಕ ಹಾಕಿದ. ನಿಜ ಹೇಳಿದರೆ ಅವಳು ಸಂಜೆಯೊಳಗೆ ಮನೆಯನ್ನೆಲ್ಲ ಬಿಳಿ ಮಾಡಿಸುತ್ತಾಳೆ. ಹೇಳದಿದ್ದರೆ ಹೀಗೆ. ಹಾಗೇನಿಲ್ಲ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಎಂದು ಗೊಣಗಿದ. ಇಂಥ ದರಿದ್ರ ಉತ್ತರವನ್ನು ಅವನು ಹಿಂದೆಂದೂ ಕೊಟ್ಟಿರಲಿಲ್ಲ. ಅವಳು ಪಾತ್ರೆ ಎತ್ತಿಕೊಂಡು ಎದ್ದು ಹೋದಳು.

ಮಾರನೇ ದಿನ ಹಲ್ಲಣ್ಣ ವರಾಂಡಾದಲ್ಲಿದ್ದ ಹೊತ್ತಿಗೆ ಸ್ಟೇಷನ್ ಮಾಸ್ತರರು ಹೊಸ ಹಲ್ಲು ತೋರಿಸಲು ಸೀದಾ ಮನೆಗೇ ಬಂದರು. ಒಳ್ಳೆಯ ಮನುಷ್ಯ, ಸಂತೋಷದ ಭರದಲ್ಲಿ ಕೊಟ್ಟ ಮಾತು ಮರೆತರು. ಗೋಡೆಯ ಬೆಳಕು, ಒಂದನೇ ನಂಬರು, ಮನೆಯಲ್ಲಿ ಹೇಳಬೇಡಿ ಎಂದು ಕೈ ಹಿಡಿದು ಬೇಡಿಕೊಂಡದ್ದು, ಎಲ್ಲವನ್ನೂ ಟೈಲರಮ್ಮನ ಮುಂದೆ ಸುರಿದು ಹೋದರು. ಅವಳು ಹೊಲಿಯುತ್ತಿದ್ದ ಅಂಗಿಯನ್ನು ಮಡಿಸಿಟ್ಟಳು. ಆಮೇಲೆ ಎದ್ದು ಅಂಗಡಿಗೆ ಹೋದಳು.

ಸಂಜೆ ಹಲ್ಲಣ್ಣ ಬಂದಾಗ ಮುಂದಿನ ಕೋಣೆ ಖಾಲಿ. ಹಿತ್ತಲಿಗೆ ಹೋಗಿ ನೋಡಿದರೆ ಹೆಂಡತಿ ಸ್ಟೂಲಿನ ಮೇಲೆ ನಿಂತು ಅವನ ಕಿಟಕಿಯ ಎದುರಿನ ಗೋಡೆಗೆ ಬಿಳಿ ಬಳಿಯುತ್ತಿದ್ದಳು. ಮೂಗಿನ ಮೇಲೆ ಬಣ್ಣ, ಕೂದಲಲ್ಲಿ ಬಣ್ಣ. ಅವಳ ಕೈ ಎಟುಕುವವರೆಗೆ ಗೋಡೆ ಬಿಳಿ, ಅದರ ಮೇಲೆ ಟೊಮೇಟೊ.

"ಒಂದು ಮಾತು ಹೇಳಬಾರದಿತ್ತಾ?" ಅಂದಳು. ದನಿ ಒದ್ದೆಯಾಗಿತ್ತು. "ಬೀದಿ ಕಡೆ ನನಗಿರ್ಲಿ, ಈ ಕಡೆ ನಿಮಗೆ. ಅಂಗಡೀಲಿ ಎಷ್ಟೊಂದು ಬಿಳಿ ತೋರಿಸಿದ್ರು. ನೆನಪು ಮಾಡ್ಕೊಂಡು ತಂದೆ. ನಿಮ್ಮ ಬಿಳಿ ಇದೇ ತಾನೇ?"

ಹಲ್ಲಣ್ಣ ಗೋಡೆ ನೋಡಿದ. ಅದು ಆ ಬಿಳಿಯಲ್ಲ. ಅದರ ಹತ್ತಿರದ ಬಿಳಿಯೂ ಅಲ್ಲ. ಆಸ್ಪತ್ರೆಯ ಗೋಡೆಗೆ ಬಳಿಯುವ, ನೀಲಿ ಬೆರೆತ, ಅವನ ಹದಿನಾರರ ಪಟ್ಟಿಯಲ್ಲೇ ಇಲ್ಲದ ಹದಿನೇಳನೆಯದು. ಇದರ ಬೆಳಕಿನಲ್ಲಿ ಶೇಡು ನೋಡಿದರೆ ಊರಿನವರ ಹಲ್ಲೆಲ್ಲ ಹಳದಿಯಾಗುವುದು ಗ್ಯಾರಂಟಿ. ಬಿಳಿಯ ವಿಷಯದಲ್ಲಿ ಆ ಮನುಷ್ಯ ಹುಟ್ಟಿದಾರಭ್ಯ ಒಂದು ಸುಳ್ಳೂ ಹೇಳಿದವನಲ್ಲ. ಅವನು ಹೆಂಡತಿಯ ಮೂಗಿನ ಮೇಲಿದ್ದ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿದ.

"ಇದೇ," ಅಂದ. "ಕಣ್ಣು ಮುಚ್ಚಿ ಹೇಳ್ತೀನಿ, ಇದೇ."

ಅವಳು ನಕ್ಕಳು. ಮಾರನೇ ದಿನದಿಂದ ಮಿಷಿನ್ನಿನ ಜೊತೆ ಗುನುಗುವುದೂ ಶುರುವಾಯಿತು. ಹಲ್ಲಣ್ಣ ದಿನಾ ಬೆಳಿಗ್ಗೆ ಅವಳಿಗೆ ಕಾಣುವ ಹಾಗೆ ಕಿಟಕಿಯ ಬಳಿ ಕೂತು, ಅವಳ ಬಿಳಿಯ ಎದುರು ಹಲ್ಲು ಹಿಡಿದು, ಆಹಾ ಎಂದು ತಲೆಯಾಡಿಸುತ್ತಾನೆ. ಮಧ್ಯಾಹ್ನ ಅವಳು ಯೂನಿಫಾರಂ ರಾಶಿಯಲ್ಲಿ ಮುಳುಗಿದಾಗ ತರಕಾರಿ ತರುತ್ತೇನೆ ಎಂದು ಹಲ್ಲಿನ ಡಬ್ಬಿ ಅಡಗಿಸಿದ ಚೀಲ ಹಿಡಿದು ಹೊರಟು, ಹಿಂದಿನ ಓಣಿಯಿಂದ ಸುತ್ತಿ ಬಳಸಿ ನಾಲ್ಕನೇ ಮನೆಯ ಹಿತ್ತಲ ಗೋಡೆ ಸೇರುತ್ತಾನೆ. ಸುಳ್ಳಾಗಬಾರದಲ್ಲ, ಬರುವಾಗ ತರಕಾರಿ ತರಲೇಬೇಕು. ಆ ಓಣಿಯ ಗಾಡಿಯಲ್ಲಿ ಸಿಗುವುದು ಎಲೆಕೋಸೊಂದೇ, ಫ್ರಿಜ್ಜಿನಲ್ಲಿ ಈಗ ಹನ್ನೊಂದಿವೆ. ನಮ್ಮ ಯಜಮಾನ್ರಿಗೆ ಇತ್ತೀಚೆಗೆ ಎಲೆಕೋಸು ಅಂದ್ರೆ ಪ್ರಾಣ ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ, ದಿನಕ್ಕೆರಡು ಸಲ ಅದನ್ನೇ ಪ್ರೀತಿಯಿಂದ ಮಾಡಿ ಬಡಿಸುತ್ತಾಳೆ. ಎಲೆಕೋಸು ಕಂಡರಾಗದ ಹಲ್ಲಣ್ಣ ಇನ್ನೂ ಸ್ವಲ್ಪ ಹಾಕು ಎನ್ನುತ್ತಾನೆ.