ಸಾವಿತ್ರವ್ವನ ಮನೆಯ ಸನಾದಿ

ಸಿಂದಗಿಯ ಸಾವಿತ್ರವ್ವನಿಗೆ ಸಂಗೀತದ ಮೇಲೆ ದ್ವೇಷವೇನೂ ಇರಲಿಲ್ಲ. ಅದು ಬೇರೆಯವರ ಮನೆಯಲ್ಲಿ ನಡೆಯುತ್ತಿದ್ದರೆ ಅವಳ ಸಂಪೂರ್ಣ ಗೌರವ ಅದಕ್ಕಿತ್ತು. ಅವಳ ತಕರಾರು ಗಂಡ ಭೀಮಶ್ಯಾನ ಸನಾದಿಯ ಮೇಲೆ ಮಾತ್ರ. ನಸುಕಿನಲ್ಲೇ ಅವನು ಅಂಗಳದಲ್ಲಿ ಕುಳಿತು ಕೆನ್ನೆ ಉಬ್ಬಿಸಿದನೆಂದರೆ ಓಣಿಯ ನಾಯಿಗಳು ಸಹಗಾಯನಕ್ಕೆ ಸಜ್ಜಾಗುತ್ತಿದ್ದವು. (ಕೋಳಿಗಳು ಕೂಗುವುದನ್ನು ಎಂದೋ ಕೈಬಿಟ್ಟಿದ್ದವು, ಅವಕ್ಕೂ ಮರ್ಯಾದೆ ಇರುತ್ತದಲ್ಲ.) ಮದುವೆಯಾದಂದಿನಿಂದ ಅವಳು ಬಯಸಿದ್ದು ಬಂಗಾರವನ್ನಲ್ಲ, ಸದ್ದಿಲ್ಲದ ಒಂದು ಮುಂಜಾವನ್ನು.

ಆದ್ದರಿಂದ, ಬಾಗೇವಾಡಿಯ ಕಡೆಯ ಕಲಾ ಪ್ರತಿಷ್ಠಾನವೊಂದು ಈ ಭಾಗದ ಕಲಾವಿದರಿಗೆ ಫೆಲೋಶಿಪ್ ಕೊಡುತ್ತದೆಂದೂ, ಆಯ್ಕೆಯಾದವರು ಕೊಲ್ಹಾರದ ಹಿನ್ನೀರ ದಂಡೆಯಲ್ಲಿ ಆರು ತಿಂಗಳು ಇದ್ದು ಶಿಷ್ಯರಿಗೆ ಕಲಿಸಬೇಕೆಂದೂ ಕಿವಿಗೆ ಬಿದ್ದಾಗ ಸಾವಿತ್ರವ್ವನಲ್ಲಿ ಕಲಾಭಕ್ತಿ ಒಮ್ಮೆಲೇ ಉಕ್ಕಿತು. ಭೀಮಶ್ಯಾ ಹಿಂಜರಿದ. ಪರರ ಕೈಯಡುಗೆ ತನಗೆ ಒಗ್ಗದು, ನೀರ ಗಾಳಿಗೆ ನೆಗಡಿಯಾದೀತು ಎಂದ.

“ಕಲಾವಿದರಿಗೆ ನೆಗಡಿ ಆಗೂದಿಲ್ರಿ,” ಎಂದು ತೀರ್ಪು ಕೊಟ್ಟ ಸಾವಿತ್ರವ್ವ ಅವನ ಹೆಸರನ್ನು ತಾನೇ ಕಳುಹಿಸಿದಳು.

ಪರೀಕ್ಷಿಸಲು ಪ್ರತಿಷ್ಠಾನದ ನಿಷತ ಮೇಡಂ ಮನೆಗೇ ಬಂದರು. ಭೀಮಶ್ಯಾ ನುಡಿಸಿದ, ಅವನ ತಮ್ಮ ಮಾನಪ್ಪ ಪಕ್ಕದಲ್ಲಿ ಸುರ್ ಹಿಡಿದ. (ಸುರ್ ಹಿಡಿಯುವುದೆಂದರೆ ಒಂದೇ ಸ್ವರವನ್ನು ಉಸಿರು ಕಡಿಯದಂತೆ ಊದುತ್ತಲೇ ಇರುವುದು. ಕಲಿಯಲು ಬಂದವರು ತಿಂಗಳುಗಟ್ಟಲೆ ಊದುವುದು ಅದೊಂದನ್ನೇ.) ಮೇಡಮ್ಮನವರ ಮುಖದಲ್ಲಿ ಹೌದೂ ಕಾಣಲಿಲ್ಲ, ಅಲ್ಲವೂ ಕಾಣಲಿಲ್ಲ. ಗಂಡ ಮನೆಯಲ್ಲೇ ಉಳಿದುಬಿಡುವ ಘೋರ ಸಂಭವವನ್ನು ಮನಗಂಡ ಸಾವಿತ್ರವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಹೊರಬಂದಳು.

“ಇವರ ಸನಾದಿ ಕೇಳಲಾರದ ನನಗ ಬೆಳಗ ಆಗೂದಿಲ್ರಿ ಮೇಡಂ. ಸುರ್ ಒಂದೀಟು ಕಡದ್ರ ರೊಟ್ಟಿ ಬಡಿಯೂ ಕೈ ತಾನ ನಿಂತಬಿಡತೈತ್ರಿ.”

ಭೀಮಶ್ಯಾ ಹೆಂಡತಿಯನ್ನು ಪರಸ್ತ್ರೀಯನ್ನು ನೋಡುವಂತೆ ಸಂಕೋಚದಿಂದ ನೋಡಿದ. ಮೇಡಮ್ಮನವರ ಕಣ್ಣುಗಳು ತೇವಗೊಂಡವು. ಗೆದ್ದೆನೆಂದು ತಿಳಿದ ಸಾವಿತ್ರವ್ವ ಅಂದೇ ಟ್ರಂಕು ಇಳಿಸಿ, ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ತುಂಬಿ ಇಟ್ಟಳು.

ಮರುವಾರ ಫೋನು ಬಂತು. ಫೆಲೋಶಿಪ್ ಸಿಕ್ಕಿತ್ತು.

“ಅಕ್ಕಾರ, ನಿಮ್ಮ ಮಾತು ಕೇಳಿದ ಮ್ಯಾಲ ಅಣ್ಣಾರನ್ನ ನಿಮ್ಮಿಂದ ಅಗಲಸಾಕ ನಮಗ ಮನಸ್ಸಾಗಲಿಲ್ರಿ,” ಎಂದರು ನಿಷತ ಮೇಡಂ. “ಕಲಿಯೋರನ್ನ ನಿಮ್ಮ ಮನೀಗೇ ಕಳಸ್ತೇವ್ರಿ. ಅಡಗಿಮನಿ ಬಾಗಲದಾಗ ಕುಂದ್ರಸ್ರಿ. ಯಾರ ಸುರ್ ಕಡೀತು ಅನ್ನೂದನ್ನ ನಿಮ್ಮ ಕೈ ಹೇಳತೈತಿ.”

ಆಡಿದ್ದು ಸುಳ್ಳೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡ ಚರಿತ್ರೆ ಸಾವಿತ್ರವ್ವನದಲ್ಲ. “ಆಗಲ್ರಿ,” ಎಂದಳು. ಭೀಮಶ್ಯಾ ಟ್ರಂಕು ತೆರೆದು ಶೇಂಗಾ ಹಿಂಡಿ ಹೊರತೆಗೆದ.

ಯಂಕಂಚಿಯಿಂದ, ಅಗರಖೇಡದಿಂದ ಶಿಷ್ಯರು ಬಂದರು. ನಸುಕಿನಲ್ಲೇ ಅಡುಗೆಮನೆಯ ಬಾಗಿಲಿಗೆ ಸಾಲಾಗಿ ಕುಳಿತು, ಎಲ್ಲರೂ ಕೂಡಿ ಒಂದೇ ಸ್ವರ ಊದಿದರು. ನಾಯಿಗಳು ಓಣಿ ಬಿಟ್ಟವು. ನೆರೆಯ ಗೌಸಬಿ ಬಂದು, ಯಾವ ಲಾರಿಯ ಹಾರ್ನು ಸಿಕ್ಕಿಕೊಂಡಿದೆಯೆಂದು ವಿಚಾರಿಸಿ ಹೋದಳು. ಸಾವಿತ್ರವ್ವ ಮಾತ್ರ, ಏನನ್ನೂ ಕೇಳಿಸಿಕೊಳ್ಳಬಾರದೆಂಬ ದೃಢಸಂಕಲ್ಪದಿಂದ ಪಟಪಟನೆ ರೊಟ್ಟಿ ಬಡಿದಳು. ದಿನವೂ ಬಡಿದಳು. ಸುರ್ ಕಡಿದರೂ ಬಡಿದಳು.

ಶ್ರಾವಣ ಬರುವ ಹೊತ್ತಿಗೆ ಶಿಷ್ಯರ ಉಸಿರು ಪಳಗಿ, ಆ ಸ್ವರ ಹದವಾಗಿ ಮನೆಯನ್ನೆಲ್ಲ ತುಂಬತೊಡಗಿತು. ಅಂಥದೊಂದು ಬೆಳಗು ಪಟಪಟ ಸದ್ದು ನಡುವೆಯೇ ನಿಂತಿತು. ಊದುವವರೆಲ್ಲ ತಿರುಗಿ ನೋಡಿದರು. ಉಸಿರು ಕಡಿದಿದ್ದ ಯಂಕಂಚಿಯವನು ತಲೆ ತಗ್ಗಿಸಿದ.

“ಮೊದಲಿಂದ ಹಿಡೀರಿ,” ಎಂದ ಭೀಮಶ್ಯಾ ಅವರಿಗೆ, ಬಹಳ ಗಂಭೀರವಾಗಿ. “ಒಳಗ ಕೈ ನಿಂತೈತಿ.”

“ನಿಂತಿಲ್ಲ,” ಎಂದಳು ಸಾವಿತ್ರವ್ವ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಕೈ ಇನ್ನೂ ಗಾಳಿಯಲ್ಲೇ ಇತ್ತು.